ಬಾಗಿಲ ಪಕ್ಕದ ಕೆಂಪು ಸುತ್ತು

ಮೊನ್ನೆ ಭಾನುವಾರ ಸುಣ್ಣ ಬಳಿಯುವವರು ಮಹಡಿ ಮನೆಯ ಗೋಡೆ ಕೆರೆದು ನೀರು ಎರಚಿದಾಗ ಹಸಿ ಜಾಜಿನ, ಕೆಮ್ಮಣ್ಣಿನ ವಾಸನೆ ಎದ್ದಿತು. ಹತ್ತಿ ಹೋಗಿ ನೋಡಿದೆ. ಬಾಗಿಲ ಪಕ್ಕದಲ್ಲಿ, ಹಳೆಯ ಸುಣ್ಣದ ಅಡಿಯಿಂದ, ಕೆಂಪಗೆ ಒಂದು ಸುತ್ತು. ಎಳೆದದ್ದು ನಾನು. ಎಳೆಸಿದ್ದು ಆಗ ಅಲ್ಲಿ ಬಾಡಿಗೆಗಿದ್ದ ಅಕ್ಕ...

ಅವರು ಚಿಕ್ಕಬಾಣಾವರದಿಂದ ಯಲಹಂಕದ ನಮ್ಮ ಬೀದಿಗೆ ಬಂದು, ನಮ್ಮ ಮಹಡಿಯಲ್ಲಿ ಬಾಡಿಗೆಗೆ ಒಬ್ಬರೇ ಇದ್ದರು. ಆರೋಗ್ಯ ಇಲಾಖೆಯಲ್ಲಿ, ಮನೆಮನೆಗೆ ಹೋಗಿ ಜ್ವರ ವಿಚಾರಿಸುವ ಕೆಲಸ. ನಾನಾಗ ಪಿಯುಸಿ. ಮಳೆ ಬಂದ ದಿನ, ನಲ್ಲಿ ನೀರು ಬಂದ ದಿನ ಎಲ್ಲವನ್ನೂ ಡೈರಿಯಲ್ಲಿ ಗುರುತು ಹಾಕುತ್ತಿದ್ದೆ. ಮೆಟ್ಟಿಲ ಮೇಲೆ ಸಿಕ್ಕರೆ, "ಏನೇ ಚಿತ್ರಗುಪ್ತ, ಇವತ್ತು ಯಾರ್ ಪಾಪ ಬರ್ಕೊಂಡೆ?" ಎನ್ನುತ್ತಿದ್ದರು.

ಅವರ ಚೀಲದಲ್ಲಿ ಯಾವಾಗಲೂ ಒಂದು ಜಾಜಿನ ಡಬ್ಬಿ ಇರುತ್ತಿತ್ತು. ಭೇಟಿ ಕೊಟ್ಟ ಮನೆಯ ಗೋಡೆಗೆ ತಾರೀಕು ಬರೆಯುವರು. ಡೆಂಗಿ ಇದೆಯೆಂದು ಗೊತ್ತಾದರೆ ಅದರ ಸುತ್ತ ಒಂದು ಸುತ್ತು. ಅದನ್ನು ಕಂಡರೆ ಸಾಕು, ಇಡೀ ಬೀದಿ ಡ್ರಮ್ಮುಗಳನ್ನು ಬೋರಲು ಹಾಕುತ್ತಿತ್ತು. ಸುತ್ತು ಬಿದ್ದ ಮನೆಯವರಿಗೆ ಮಾತ್ರ ಅವಮಾನ. ಮೂಲೆಮನೆಯವರು ಹೆಣ್ಣು ನೋಡಲು ಬರುತ್ತಾರೆಂದು ಒರೆಸಿ ಹಾಕಿದ್ದರು. ಅಕ್ಕ ಮತ್ತೆ ಬರೆದರು. ಆ ಜಗಳ ಬಹಳ ದಿನ ನಡೆಯಿತು.

2018ರಲ್ಲಿ ಅವರ ಕೈಗೆ ಟ್ಯಾಬ್ ಬಂತು. ಅಕ್ಕನಷ್ಟು ಖುಷಿಪಟ್ಟವರಿಲ್ಲ. ಫೋನ್ ನಂಬರ್ ಒತ್ತಿದರೆ ವಿಳಾಸ ತಾನಾಗಿ ಬರುತ್ತದೆ, ಆಫೀಸಿನ ನಕ್ಷೆಯಲ್ಲಿ ಅಂದೇ ಚುಕ್ಕೆ ಬೀಳುತ್ತದೆ, ಸೊಳ್ಳೆಗೆ ಹೊಗೆ ಹೊಡೆಯುವವರು ನೇರ ಅಲ್ಲಿಗೇ ಹೋಗುತ್ತಾರೆ ಎಂದು ವಿವರಿಸಿದರು. "ಇನ್ಮೇಲೆ ಯಾರ್ ಮನೆ ಕಾಯಿಲೆನೂ ಗೋಡೆ ಮೇಲೆ ಇರಲ್ಲ ಕಣೇ" ಎಂದು ಡಬ್ಬಿಯನ್ನು ಅಮ್ಮನಿಗೆ ಕೊಟ್ಟುಬಿಟ್ಟರು, ತುಳಸಿಕಟ್ಟೆಗೆ ಬಳಿಯಲು.

ಆ ಮಳೆಗಾಲದಲ್ಲೇ ಅಕ್ಕನಿಗೆ ಜ್ವರ ಬಂತು. ಪರೀಕ್ಷೆಯಲ್ಲಿ ಡೆಂಗಿ. ನನ್ನ ಅಣ್ಣನ ಹೆಂಡತಿ ಆಗ ತುಂಬು ಬಸುರಿ, ಅತ್ತಿಗೆಯ ಮಂಚವಿದ್ದದ್ದು ಅಕ್ಕನ ಕೋಣೆಯ ನೇರ ಕೆಳಗೆ. ಬಾಗಿಲು ತೆರೆದರೆ ತಮ್ಮನ್ನು ಕಚ್ಚಿದ ಸೊಳ್ಳೆ ಕೆಳಗಿಳಿದೀತೆಂದು, ಅಮ್ಮ ಕಳಿಸಿದ ಗಂಜಿಯನ್ನು ಅಕ್ಕ ಮೆಟ್ಟಿಲಲ್ಲೇ ಇಡಿಸಿಕೊಳ್ಳುತ್ತಿದ್ದರು. ಸೊಳ್ಳೆಪರದೆಯೊಳಗಿಂದ ಕೇಳುತ್ತಿದ್ದದ್ದು ಒಂದೇ, ಹೊಗೆಯವರು ಬಂದರಾ ಎಂದು. ಬಂದಿರಲಿಲ್ಲ.

ನಾನು ಗಂಜಿ ಇಡಲು ಹೋಗಿದ್ದಾಗಲೇ ಚಿಕ್ಕಬಾಣಾವರದ ಹಳೇ ಮನೆ ಮಾಲೀಕರ ಫೋನ್ ಬಂತು. ಅಲ್ಲಿ ಬೀದಿ ತುಂಬ ಹೊಗೆಯಂತೆ, ಅಕ್ಕನ ಹೆಸರು ಹೇಳಿಕೊಂಡು ಬಂದಿದ್ದಾರಂತೆ. ಟ್ಯಾಬಿನಲ್ಲಿ ಅಕ್ಕನ ನಂಬರಿಗೆ ಹಳೆಯ ವಿಳಾಸವೇ ಅಂಟಿಕೊಂಡಿತ್ತು. ಊರ ವಿಳಾಸವೆಲ್ಲ ಸೇರಿಸಿದವರು ತಮ್ಮದನ್ನು ಬದಲಿಸಿರಲಿಲ್ಲ. ಅಕ್ಕ ಮೊದಲು ನಕ್ಕರು. ಆಮೇಲೆ ಆಫೀಸಿಗೆ ಫೋನ್ ಮಾಡಿದರು. ತಿದ್ದುತ್ತೇವೆ, ಆದರೆ ಗಾಡಿ ಈ ಕಡೆ ಬರಲು ತಡವಾಗುತ್ತದೆ ಎಂದರು ಅಲ್ಲಿಯವರು.

"ಆ ಡಬ್ಬಿ ತಗೊಂಬಾ. ನನ್ ಬಾಗ್ಲಿಗೇ ಹಾಕು. ದೊಡ್ಡದಾಗ್ ಹಾಕೇ, ಬೀದಿಗ್ ಕಾಣ್ಬೇಕು" ಎಂದರು ಅಕ್ಕ.

ಡಬ್ಬಿ ತಂದು ಎಳೆದೆ. ಸುತ್ತು ಸೊಟ್ಟಗಾಯಿತು. "ಮೊಟ್ಟೆ ಬರ್ದಿದೀಯಲ್ಲೇ" ಎಂದರು.

ಸಂಜೆಯೊಳಗೆ ಬೀದಿಯ ಡ್ರಮ್ಮುಗಳೆಲ್ಲ ಬೋರಲು. ಮೂಲೆಮನೆಯವರು ನಮ್ಮ ಸಂಪಿನ ಮೇಲೂ ಬಟ್ಟೆ ಕಟ್ಟಿ ಹೋದರು. ಮರುದಿನ ಅಕ್ಕ ಆಸ್ಪತ್ರೆಗೆ ಹೊರಟರು. ತಾವೇ ಮೆಟ್ಟಿಲಿಳಿದು, ದೂರದಿಂದಲೇ ಅತ್ತಿಗೆಗೆ, "ಮಗೂಗೆ ಪೋಲಿಯೋ ಹನಿ ನಾನೇ ಹಾಕೋದು, ಹೇಳಿರ್ತೀನಿ" ಎಂದರು.

ಅಕ್ಕ ವಾಪಸ್ಸು ಬರಲಿಲ್ಲ. ಅತ್ತಿಗೆಗೆ ಜ್ವರ ಬರಲಿಲ್ಲ. ಹುಡುಗಿ ಹುಟ್ಟಿದಳು. ಹನಿ ಹಾಕಲು ಬೇರೆ ಯಾರೋ ಬಂದರು, ವಿಳಾಸ ಎರಡೆರಡು ಸಲ ಕೇಳಿ ಟ್ಯಾಬಿಗೆ ಹಾಕಿಕೊಂಡರು.

ಮಹಡಿಗೆ ಹೊಸ ಬಾಡಿಗೆಯವರು ಬರುವವರಿದ್ದಾರೆ. ಸುಣ್ಣದವನು ಇದರ ಮೇಲೂ ಬಳಿಯಲಾ ಎಂದು ಕೇಳಿದ. ಬಳಿಯಿರಿ ಎಂದೆ. ಒಂದು ಸಲ ಬಳಿದರೂ ಕೆಂಪು ಕಾಣುತ್ತಲೇ ಇತ್ತು.

"ಇನ್ನೊಂದ್ ಕೈ ಹೊಡುದ್ರೆ ಹೋಗುತ್ತೆ ಬಿಡಮ್ಮ" ಎಂದ ಅವನು.

ಹೋಯಿತು.