ಈಲಿ ಕಾಯಿಲೆಯ ನೆಂಟರು
ಸಾವಿರದ ಒಂಬೈನೂರ ಎಪ್ಪತ್ತೈದರ ಸುಮಾರಿಗೆ ಮದ್ದೂರಿನ ಚೂಡಾಮಣಿಯಮ್ಮನವರಿಗೆ ಬಂದ ಈಲಿಯ, ಎಂದರೆ ಲಿವರಿನ, ಕಾಯಿಲೆ ಲಕ್ಷಕ್ಕೊಬ್ಬರಿಗೆ ಬರುವಂಥದು. ಕಣ್ಣೆಲ್ಲ ಹಳದಿ, ಮೈಯೆಲ್ಲ ಕಡಿತ. ಅಂಟುಜಾಡ್ಯವೆಂದು ಹೆದರಿ ನೆಂಟರು ಬರುವುದನ್ನೇ ಬಿಟ್ಟ ಮೇಲೆ, ಆಕೆ ಧರ್ಮಸಂಸ್ಥೆಯೊಂದರ ಡಾಕ್ಟರುಗಳ ಸಂಶೋಧನೆಗಾಗಿ ತನ್ನಂಥ ರೋಗಿಗಳನ್ನು ಹುಡುಕಿಕೊಂಡು ಮಳವಳ್ಳಿ ಬಸ್ಸು ಹತ್ತತೊಡಗಿದರು. ಹಳದಿ ಕಣ್ಣು ಕಂಡರೆ ಸಾಕು, ಪಕ್ಕದಲ್ಲಿ ಕೂತು, "ಹೆದರಬೇಡಿ, ನಾನಿದ್ದೀನಿ. ನಮ್ಮ ರಕ್ತ ಕೊಟ್ಟರೆ ತಾನೇ ಔಷಧಿ ಹುಟ್ಟೋದು?" ಎಂದು ಶುರುಮಾಡಿದರೆ, ಗಟ್ಟಿಮುಟ್ಟಾದ ಕಂಡಕ್ಟರೂ ತೋಳು ಚಾಚಬೇಕು, ಅಂಥ ಮಾತು. ಒಂದು ದಿನ ಪೂರಿಗಾಲಿ ಹಳ್ಳಿಯ ತನ್ನ ಮನೆಯಲ್ಲಿ ಅದೇ ಕಾಯಿಲೆಯ ಮಾಯಮ್ಮ ಎಲ್ಲ ಕೇಳಿಸಿಕೊಂಡು, "ಅದ್ಸರಿ, ನಿಮ್ ಬೆನ್ನು ಕಡ್ದಾಗ ಯಾರವ್ವ ಕೆರಿಯೋರು?" ಅಂದಳು. "ಇತ್ತಾಗೆ ತಿರುಗ್ರವ್ವ" ಎಂದು ಮಾಯಮ್ಮ ತಣ್ಣೀರಿನ ಬಟ್ಟೆ ಹಿಂಡಿ ಚೂಡಾಮಣಿಯಮ್ಮನವರ ಬೆನ್ನ ಮೇಲೆ ಹಾಸಿದಳು. ಎಷ್ಟೋ ವರ್ಷಗಳ ಮೇಲೆ ಇನ್ನೊಬ್ಬರ ಕೈ ಮೈಗೆ ತಾಕಿತ್ತು. ಮದ್ದೂರಿನ ಬಸ್ಸು ಹೊರಟುಹೋದರೂ ಅವರು ಏಳಲಿಲ್ಲ.