ಅಲಮೇಲು ಜೋಡಿಸಿದ ಎರಡು ಹೆಸರು

ಅಲಮೇಲುವಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆ. ಅದನ್ನಿಲ್ಲಿ ಬರೆಯುವುದಿಲ್ಲ. ಮಂಗಳಮುಖಿಯರು ಒಬ್ಬರ ಹಳೆಯ ಹೆಸರನ್ನು ಇನ್ನೊಬ್ಬರು ಕೇಳುವುದಿಲ್ಲ. ಹತ್ತು ವರ್ಷ ಜೊತೆಗಿದ್ದರೂ ಕೇಳುವುದಿಲ್ಲ. ಅವಳ ಬಾಳನ್ನು ತಿರುಗಿಸಿದ್ದು ಈ ಮರ್ಯಾದೆಯೇ.

ರಾಜಾಜಿನಗರದಲ್ಲಿ ರಾಚಪ್ಪನ ಅಚ್ಚುಕೂಟವಿತ್ತು. ಉಳಿದವರೆಲ್ಲ ಕಂಪ್ಯೂಟರಿಗೆ ಹೋಗಿದ್ದರೂ ಅವನಿನ್ನೂ ಸೀಸದ ಅಕ್ಷರದ ಮೊಳೆ ಜೋಡಿಸಿ, ಕಾಲಲ್ಲಿ ತುಳಿಯುವ ಟ್ರೆಡಲ್‌ನಲ್ಲಿ ಕಾರ್ಡು ಅಚ್ಚು ಹಾಕುತ್ತಿದ್ದ. ಮೊಳೆ ಜೋಡಿಸುವುದು, ತುಳಿಯುವುದು, ಮದುವೆ ಕಾರ್ಡುಗಳ ಮೂಲೆಗೆ ಅರಿಶಿನ ಹಚ್ಚುವುದು ಎಲ್ಲವೂ ಅಲಮೇಲುವಿನ ಕೆಲಸ.

"ಗಿರಾಕಿಗಳು ಬಂದಾಗ ಹಿಂದಿನ ರೂಮಿಂದ ಆಚೆ ಬರ್ಬೇಡ ಕಣಮ್ಮ," ಎಂದಿದ್ದ ರಾಚಪ್ಪ.

"ಯಾಕ್ ಸಾರ್, ನನ್ನ ನೋಡಿದ್ರೆ ಮದುವೆ ನಿಂತೋಗುತ್ತಾ?"

"ನಿಲ್ಲಲ್ಲ. ಗಂಡು ನಿನ್ನೇ ಕೇಳ್ಬಿಟ್ರೆ?"

ಇಬ್ಬರೂ ನಕ್ಕಿದ್ದರು. ಅವಳು ಆಚೆ ಬರಲಿಲ್ಲ.

ಅವಳ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳತಿ ದಾನಮ್ಮ ಶಿರಹಟ್ಟಿ ಕಡೆಯವಳು. ಹಗಲೆಲ್ಲ ಸಿಗ್ನಲ್ಲಿನಲ್ಲಿ ಕೈಚಾಚಿ ಬಂದು, ಸಂಜೆ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದಳು. "ನಮ್ಮಂತಾರು ಓದಾಕ ಒಂದರ ಪುಸ್ತಕ ಐತೇನ? ನಾ ಬರ್ಯಾಕಿ, ನೀ ಅಚ್ಚ ಹಾಕಾಕಿ. ನಮ್ಮದ ಒಂದು ಪ್ರೆಸ್ ಮಾಡೂಣು ಬಿಡ."

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ದಾನಮ್ಮನಿಗೆ ಕಾಮಾಲೆಯಾಯಿತು. ಅಲಮೇಲು ಕೆಲಸಕ್ಕೆ ಹೋಗಿದ್ದಾಗ ನಗರದಂಚಿನ ಬ್ಯಾಡರಹಳ್ಳಿಯಲ್ಲಿದ್ದ ಅವಳ ತಮ್ಮ ಬಂದು ಊರಿಗೆ ಕರೆದೊಯ್ದ. ಚಾಪೆಯ ಮೇಲೆ ನೋಟುಬುಕ್ಕು ಉಳಿದಿತ್ತು.

ಮೂರು ವಾರದ ಮೇಲೆ ರಾಚಪ್ಪನಲ್ಲಿಗೆ ಶಿವಗಣಾರಾಧನೆಯ ಕಾರ್ಡೊಂದು ಬಂತು. ಮೃತನ ಹೆಸರು ಫಕೀರೇಶ. ಅಲಮೇಲು ಗುನುಗುತ್ತಲೇ ಮೊಳೆ ಜೋಡಿಸಿದಳು. ಸುತ್ತಲಿನ ಕಪ್ಪು ಗೆರೆ ಮೂಲೆಯಲ್ಲಿ ಕೂದಲೆಳೆಯೂ ಬಿಡದಂತೆ ಕೂಡಿದ್ದು ನೋಡಿ ಹಿಗ್ಗಿದಳು. ಮರುದಿನ ಫೋಟೊ ಕೊರೆದ ಲೋಹದ ಬ್ಲಾಕು ಬಂತು. ಕೂಡಿಸಿ ಒಂದು ಕಾರ್ಡು ತೆಗೆದಳು. ಮೀಸೆಯ ಹುಡುಗ. ಬಲ ಹುಬ್ಬಿನ ನಡುವೆ ಗಾಯದ ಗೆರೆ. ದಿನಾ ಬೆಳಿಗ್ಗೆ ತಾನೇ ದಾನಮ್ಮನ ಹುಬ್ಬಿಗೆ ಕಾಡಿಗೆ ತುಂಬಿ ಮುಚ್ಚುತ್ತಿದ್ದ ಗೆರೆ.

"ಲಗೂನ ಕೊಡ್ರಿ, ಊರಿಗಿ ಬಸ್ಸೈತಿ." ಮುಂದಿನ ಕೋಣೆಯಲ್ಲಿ ದಾನಮ್ಮನ ತಮ್ಮ ರುದ್ರೇಶನ ದನಿ.

ಅಲಮೇಲು ಆಚೆ ಬರಲಿಲ್ಲ. ಇನ್ನೂರು ಕಾರ್ಡನ್ನೂ ತುಳಿದಳು.

ಅಚ್ಚಾದ ಮೇಲೆ ಮೊಳೆ ಬಿಚ್ಚಿ ಪೆಟ್ಟಿಗೆಯ ಅದರದರ ಮನೆಗೆ ಹಾಕಬೇಕು. ಅದೇ ಸೀಸ ನಾಳಿನ ಮದುವೆಗೆ ಬರುತ್ತದೆ. ಯಾವುದೋ ವಧುವಿನ ಹೆಸರು ಜೋಡಿಸುವಾಗ ಒಂದೊಂದು ಮೊಳೆ ಬೆರಳಿಗೆ ತಣ್ಣಗೆ ತಗಲುತ್ತಿತ್ತು. ಟ್ರೆಡಲ್ ನಿಂತ ಮೇಲೂ ಬೆನ್ನ ಹಿಂದೆ ಯಾರೋ ತುಳಿಯುವ ಸದ್ದು. ಸಾವಿನ ಕಾರ್ಡನ್ನು ಜನ ಮನೆಯೊಳಗೆ ಇಡುವುದಿಲ್ಲ. ಓದಿ ಹೊಸಿಲಾಚೆಯೇ ಹರಿದು ಹಾಕುತ್ತಾರೆ. ಅವಳು ಒಂದನ್ನು ದಿಂಬಿನಡಿ ಇಟ್ಟುಕೊಂಡಳು. ದಾನಮ್ಮ ಸತ್ತಳೆಂದು ಎಲ್ಲೂ ಅಚ್ಚಾಗಿರಲಿಲ್ಲ. ಬದುಕಿದ್ದಳೆಂದೂ ಅಚ್ಚಾಗಿರಲಿಲ್ಲ.

ಎರಡು ವರ್ಷದ ಮೇಲೆ ರಾಚಪ್ಪನೂ ಕಂಪ್ಯೂಟರ್ ತಂದ. ಗುಜರಿಗೆ ಹೊರಟಿದ್ದ ಟ್ರೆಡಲನ್ನು ಅಲಮೇಲು ಕೇಳಿದಳು. "ಹೊತ್ಕೊಂಡು ಹೋಗು, ಮೊಳೆನೂ ತಗೋ," ಎಂದ ಅವನು, ಅರಿಶಿನದ ಡಬ್ಬಿಯನ್ನೂ ಮೇಲಿಟ್ಟ. ಶ್ರೀಗಂಧದ ಕಾವಲು ಬಡಾವಣೆಯ ತನ್ನ ಶೀಟಿನ ಮನೆಯಲ್ಲಿ, ರಸ್ತೆಗೆ ತೆರೆದ ಮುಂದಿನ ಕೋಣೆಯಲ್ಲೇ ಅವಳು ಅದನ್ನು ನಿಲ್ಲಿಸಿದಳು. ಗೆಳತಿಯರಲ್ಲಿ ಓದು ಬಂದವರು ಬಾರದವರಿಗೆ ಓದಿ ಹೇಳುವುದೆಂದು ಮಾತಾಯಿತು. ಮೊದಲ ಪುಸ್ತಕ ದಾನಮ್ಮನ ನೋಟುಬುಕ್ಕು.

ಹಾಳೆಗಳನ್ನು ಹೊಲಿದು, ಹೆಸರಿನ ಹೊದಿಕೆಯೊಂದೇ ಬಾಕಿ ಇದ್ದಾಗ ಸುದ್ದಿ ಮುಟ್ಟಿ ರುದ್ರೇಶ ಬಂದ. ಬಾಗಿಲಲ್ಲೇ ನಿಂತ.

"ನಮ್ಮಣ್ಣನ ಹೆಸರು ಬಂತಂದ್ರ ಈ ಪ್ರೆಸ್ಸಿಗೆ ಬೆಂಕಿ ಹಚ್ತೀನಿ."

ಅಲಮೇಲು ಎದ್ದು ಅವನೆದುರಿಗೆ ಬಂದು ನಿಂತಳು. "ನಿಮ್ಮಣ್ಣನ ಹೆಸರು ಒಂದ್ಸಲ ಹಾಕಿದೀನಿ. ಇನ್ನೂರು ಕಾರ್ಡು. ನೀವು ಮುಂದಿನ ರೂಮಲ್ಲಿ ಕಾಯ್ತಾ ಇದ್ರಿ, ನಾನು ಹಿಂದೆ ಇದ್ದೆ. ಇನ್ನೊಂದ್ಸಲ ಹಾಕಲ್ಲ. ಇದು ದಾನಮ್ಮಂದು."

ಅವನು ಹೊಲಿದಿಟ್ಟ ಪುಸ್ತಕವೊಂದನ್ನು ಎತ್ತಿಕೊಂಡ. "ಇದ್ರಾಗ ನಮ್ಮವ್ವನ ಸುದ್ದಿ ಐತೇನ್ರಿ?"

"ಹನ್ನೊಂದನೇ ಪುಟ."

ನಿಂತೇ ಓದಿದ. ಹಾಳೆ ತಿರುವದೆ ಮತ್ತೆ ಅದನ್ನೇ ಓದಿದ. "ಇದನ್ನ ಮನಿಯೊಳಗ ಇಡಬಹುದೇನ್ರಿ?"

ಅಲಮೇಲು ಟ್ರೆಡಲ್ ತುಳಿದು ಒಂದು ಹೊದಿಕೆ ತೆಗೆದಳು. ಕಪ್ಪು ಮಸಿಯಲ್ಲಿ 'ದಾನಮ್ಮ', ಅದೇ ಸೀಸ. ಪುಸ್ತಕಕ್ಕೆ ಹೊದಿಸಿ, ಒದ್ದೆ ಬೆರಳನ್ನು ಅರಿಶಿನದಲ್ಲಿ ಅದ್ದಿ ನಾಲ್ಕು ಮೂಲೆಗೂ ಒತ್ತಿದಳು.

"ಹರೀಬೇಡಿ," ಎಂದಳು.

ಅವನು ಹೋದ ಮೇಲೆ ಬೆನ್ನ ಹಿಂದೆ ಮತ್ತೆ ಆ ತುಳಿಯುವ ಸದ್ದು. ಅಲಮೇಲು ತಿರುಗಿ ನೋಡಲಿಲ್ಲ. ಅದರ ಲಯಕ್ಕೇ ಕಾಲು ಹಾಕಿ ಮುಂದಿನ ಹೊದಿಕೆ ತುಳಿದಳು.