ಸಾವಂತ್ರೆವ್ವ ಆರಿಸಿದ ಹುಣಸೆ ಮಣೆ

ಸಾವಂತ್ರೆವ್ವ ಸಾಲಹಳ್ಳಿಯವಳು. ರಾಮದುರ್ಗದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಅಡುಗೆ ಮಾಡುತ್ತಾಳೆ. ಬೆಳಗಿನ ಮೊದಲ ಬಸ್ಸಿಗೆ ಬಂದು ಎಂಬತ್ತು ಹುಡುಗಿಯರಿಗೆ ಉಪ್ಪಿಟ್ಟೋ ಅವಲಕ್ಕಿಯೋ ಮಾಡಿಟ್ಟು, ಒಂದು ಲೋಟ ಚಹಾ ಕುಡಿದು ರೊಟ್ಟಿ ಬಡಿಯಲು ಕೂರುತ್ತಾಳೆ. ಓದಿದ್ದು ನಾಲ್ಕನೇ ಇಯತ್ತೆ. ಮಾತು ಕಡಿಮೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಯಾರಾದರೂ ಹೇಳಿದರೆ ಅಂದು ತಾನು ಊಟವೇ ಮಾಡುವುದಿಲ್ಲ, ಅಂಥ ಹೆಂಗಸು.

ಮೊದಲೆಲ್ಲ ಅವಳು ನೆಲದ ಮೇಲೆ ಕೂತು ಈಳಿಗೆಯಲ್ಲೇ ತರಕಾರಿ ಹೆಚ್ಚುತ್ತಿದ್ದಳು. ಮೊಣಕಾಲು ನೋಯತೊಡಗಿದಾಗ ವಾರ್ಡನ್ ರಾಜೇಶ್ವರಿ ಬಾಯಿಯವರು ನಿಂತು ಕೆಲಸ ಮಾಡಲು ಕಟ್ಟೆ ಕಟ್ಟಿಸಿ, ಒಂದು ದೊಡ್ಡ ಬಿಳಿ ಪ್ಲಾಸ್ಟಿಕ್ ಮಣೆ ಮತ್ತು ಎರಡು ಚಾಕು ತಂದುಕೊಟ್ಟರು. ಸಾವಂತ್ರೆವ್ವನಿಗೆ ಅದು ಬಲು ಹಿಡಿಸಿತು. ಎರಡು ವರ್ಷದಲ್ಲಿ ಎಷ್ಟು ಮಣ ಉಳ್ಳಾಗಡ್ಡಿ ಅದರ ಮೇಲೆ ಹೆಚ್ಚಿದಳೋ ಲೆಕ್ಕವಿಲ್ಲ. ಬಿಳಿ ಮಣೆ ಬೂದು ಬಣ್ಣಕ್ಕೆ ತಿರುಗಿತ್ತು. ಕೈಯಾಡಿಸಿದರೆ ಚಾಕುವಿನ ಗೆರೆಗಳು ಗರಗಸದ ಹಲ್ಲಿನ ಹಾಗೆ ತಾಗುತ್ತಿದ್ದವು. ದಿನಾ ಸಾಬೂನು ಹಾಕಿ ತಿಕ್ಕುತ್ತಿದ್ದಳು, ಆದ್ದರಿಂದ ಅದು ಹೊಲಸಾಗಿದೆ ಎಂದು ಅವಳಿಗೆ ಅನಿಸಿರಲಿಲ್ಲ.

ತಿಂಗಳಿಗೆ ಎರಡು ರವಿವಾರ ಹಾಸ್ಟೆಲಿನಲ್ಲಿ ಕೋಳಿ ಸಾರು. ಶ್ರಾವಣಕ್ಕೆ ಇನ್ನೂ ಎರಡು ವಾರ ಇರುವಾಗಿನ ಒಂದು ರವಿವಾರ ಅಂಗಡಿಯವನು ತುಂಡುಗಳನ್ನು ದೊಡ್ಡದಾಗಿ ಕಡಿದು ಕಳಿಸಿದ್ದ. ಸಾವಂತ್ರೆವ್ವ ಅವನ್ನು ಮಣೆಯ ಮೇಲಿಟ್ಟು ಸಣ್ಣ ಮಾಡಿದಳು. ಹುಡುಗಿಯರು ಆಗಲೇ ತಾಟು ಹಿಡಿದು ನಿಂತಿದ್ದರು. ಮಣೆಯನ್ನು ನಳದ ಕೆಳಗೆ ಹಿಡಿದು ತೊಳೆದು, ಅದರ ಮೇಲೆಯೇ ಸೌತೆಕಾಯಿ, ಮೂಲಂಗಿ ಹೆಚ್ಚಿ ಪಚಡಿ ಕಲಸಿದಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಮೂರು ಹುಡುಗಿಯರಿಗೆ ವಾಂತಿ, ಭೇದಿ. ಎಲ್ಲರನ್ನೂ ಆಸ್ಪತ್ರೆಗೆ ಒಯ್ದರು. ಮೂರು ದಿನದಲ್ಲಿ ಎಲ್ಲರೂ ಸುಧಾರಿಸಿಕೊಂಡರು, ದೇವರ ದಯೆ. ಆದರೆ ಆ ಮೂರು ದಿನ ಸಾವಂತ್ರೆವ್ವ ಆಸ್ಪತ್ರೆಯ ಬಾಗಿಲಲ್ಲಿ ಕೂತು ಒಬ್ಬೊಬ್ಬಳಿಗೂ ಗಂಜಿ ಕುಡಿಸಿದಳು. ಯಾರ ಮುಖವನ್ನೂ ನೆಟ್ಟಗೆ ನೋಡಲಾಗಲಿಲ್ಲ.

ಅಧಿಕಾರಿಗಳು ಬಂದು ನೀರು ಪರೀಕ್ಷೆಗೆ ಒಯ್ದರು. ನೀರು ಸ್ವಚ್ಛ ಇದೆ ಎಂದು ವರದಿ ಬಂತು. ಆಮೇಲೆ ಉಳಿದದ್ದು ಅಡುಗೆಯವಳು. ವಿವರಣೆ ಕೊಡುವ ತನಕ ಒಲೆಯ ಹತ್ತಿರ ಹೋಗಬಾರದೆಂದು ಅವಳ ಕೈಗೆ ನೋಟಿಸು ಬಂತು.

ಬೀಮಾರು ಬಿದ್ದವರಲ್ಲಿ ತೊರಗಲ್ಲಿನ ಪ್ರಜ್ಞಾ ಒಬ್ಬಳು. ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಳು. ಅವಳು ಕೋಳಿ ತಿನ್ನುವವಳಲ್ಲ. ಆಸ್ಪತ್ರೆಯಿಂದ ಬಂದವಳೇ ಅವಳು ಸಾವಂತ್ರೆವ್ವನ ಪಕ್ಕ ಕೂತು ಕೇಳಿದಳು.

"ಅಕ್ಕಾ, ಕೋಳಿ ಕೆಟ್ಟಿತ್ತು ಅಂದ್ರ ನನಗ್ಯಾಕ ಆತು?"

ಇಬ್ಬರೂ ಕೂಡಿ ಕೋಣೆ ಕೋಣೆಗೆ ಹೋಗಿ ವಿಚಾರಿಸಿದರು. ಯಾರು ಏನು ತಿಂದಿದ್ದರು, ಯಾರಿಗೆ ಏನಾಯಿತು ಎಂದು ಪ್ರಜ್ಞಾ ಬರೆದುಕೊಂಡಳು. ಕೋಳಿ ತಿಂದು ಪಚಡಿ ಬಿಟ್ಟವರಿಗೆ ಏನೂ ಆಗಿರಲಿಲ್ಲ. ಪಚಡಿ ತಿಂದವರೇ ಮಲಗಿದ್ದು. ಸಾರು ಕುದಿದಿತ್ತು, ಪಚಡಿ ಹಸಿಯದು. ಪಟ್ಟಿಯ ಕೊನೆಯ ಹೆಸರಿಗೆ ಬರುವಷ್ಟರಲ್ಲಿ ಸಾವಂತ್ರೆವ್ವನಿಗೆ ಮಣೆ ನೆನಪಾಯಿತು.

ರಾಜೇಶ್ವರಿ ಬಾಯಿಯವರು ಕೆಟ್ಟವರಲ್ಲ. ಅವಳನ್ನು ಉಳಿಸಿಕೊಳ್ಳುವ ಆಸೆ ಅವರಿಗೂ ಇತ್ತು. ಏನಾಯಿತೋ ನನಗೆ ಗೊತ್ತಿಲ್ಲ ಎಂದು ಎರಡು ಸಾಲು ಬರೆದುಕೊಡು, ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ ಎಂದರು.

"ಗೊತ್ತಾದ ಮ್ಯಾಲ ಗೊತ್ತಿಲ್ಲ ಅಂತ ಹೆಂಗ ಬರೀಲಿ, ಬಾಯಾರ?" ಎಂದಳು ಸಾವಂತ್ರೆವ್ವ.

ದಪ್ಪ ಅಕ್ಷರದಲ್ಲಿ ತಾನೇ ಬರೆದಳು. ಕೋಳಿ ಕಡಿದ ಮಣೆಯ ಮೇಲೆ ಸೌತೆಕಾಯಿ ಹೆಚ್ಚಿದ್ದು ನಾನೇ, ತಪ್ಪು ನನ್ನದು. ಕೆಳಗೆ ಇನ್ನೊಂದು ಮಾತು ಸೇರಿಸಿದಳು. ನನ್ನನ್ನು ತೆಗೆದು ಬೇರೆಯವಳನ್ನು ಇಟ್ಟರೂ ಅದೇ ಮಣೆ ಇದ್ದರೆ ಅವಳ ಕೈಯಲ್ಲೂ ಇದೇ ಆಗುತ್ತದೆ, ಮೊದಲು ಮಣೆ ಬದಲಿಸಿರಿ.

ವಿಚಾರಣೆಗೆ ಬಂದ ಆಹಾರ ಅಧಿಕಾರಿ ಆ ಕಾಗದವನ್ನು ಎರಡು ಸಲ ಓದಿದರು. ಹತ್ತಾರು ವರ್ಷದ ನೌಕರಿಯಲ್ಲಿ ಇಂಥ ವಿವರಣೆ ಅವರ ಕೈಗೆ ಬಂದಿರಲಿಲ್ಲವಂತೆ. ಒಂದು ತಿಂಗಳ ಮುದ್ದತು ಕೊಟ್ಟರು. ಎಂಥ ಮಣೆ ಬೇಕೆಂದು ನೀವೇ ಹುಡುಕಿ ತೋರಿಸಿರಿ, ಅಲ್ಲಿಯ ತನಕ ಹಸಿಯದನ್ನೇನೂ ಬಡಿಸಬೇಡಿರಿ ಎಂದು ಹೇಳಿ ಅವಳನ್ನು ಒಲೆಗೆ ಕಳಿಸಿದರು.

ಹುಡುಕಾಟ ಶುರುವಾಯಿತು. ರಾಜೇಶ್ವರಿ ಬಾಯಿಯವರು ಗಾಜಿನ ಮಣೆ ತಂದರು. ತೊಳೆಯಲು ಸುಲಭ, ಕಲೆ ನಿಲ್ಲುವುದಿಲ್ಲ. ಆದರೆ ಅದರ ಮೇಲೆ ಗಜ್ಜರಿ ಜಾರುತ್ತಿತ್ತು, ಚಾಕು ಟಕಟಕ ಎನ್ನುತ್ತಿತ್ತು. ವಾರದೊಳಗೆ ಚಾಕುವಿನ ಬಾಯಿ ಮೊಂಡಾಗಿ, ಒತ್ತಿ ಹೆಚ್ಚಲು ಹೋದ ಸಾವಂತ್ರೆವ್ವನ ಬೆರಳು ಕೊಯ್ದಿತು. ಕಟ್ಟೆಯ ಕಲ್ಲಿನ ಮೇಲೆ ಹೆಚ್ಚಿ ನೋಡಿದಳು, ಅದರದೂ ಅದೇ ಹಾಡು. ಬಿದಿರಿನ ಪಟ್ಟಿ ಅಂಟಿಸಿದ ಮಣೆಯೊಂದು ಚೆಂದ ಇತ್ತು. ಹತ್ತು ದಿನ ನೀರು ಬಿದ್ದ ಮೇಲೆ ಪಟ್ಟಿಗಳ ನಡುವೆ ಉಗುರು ಹೋಗುವಷ್ಟು ಸಂದು ಬಿಟ್ಟಿತು.

ಕೊನೆಗೆ ಸುರೇಬಾನಕ್ಕೆ ಹೋದಳು. ಅಲ್ಲಿ ಅಕ್ಬರಸಾಬ ಎಂಬ ಹಿರಿಯ ಬಡಿಗ ಇದ್ದಾನೆ. ಸಾಲಹಳ್ಳಿಯ ಅರ್ಧ ಮನೆಗಳ ಚೌಕಟ್ಟು ಅವನ ಕೈಯವು. ಪ್ಲೈವುಡ್ಡಿನಲ್ಲಿ ಅಂಟು ಇರುತ್ತದೆ, ಅದು ಬೇಡವೇ ಬೇಡ ಎಂದು ಅವನು ಮೊದಲೇ ಹೇಳಿಬಿಟ್ಟ.

"ಮಾವಿಂದು ಮೆತ್ತಗ, ವರ್ಷದಾಗ ತಗ್ಗ ಬೀಳತೈತಿ. ಬೇವು ಗಟ್ಟಿ ಖರೆ, ಹೊಸದಿದ್ದಾಗ ಕಹಿ ಬಿಡತೈತಿ. ಹುಣಸಿ ತಗೋ ತಂಗಿ. ಒಣಗಿದ ಹುಣಸಿ ಮುಂದ ನನ್ನ ಉಳಿನೂ ಸೋಲತೈತಿ."

ಖಾಟಿಕರ ಅಂಗಡಿಗೆ ಮಾಂಸ ಕಡಿಯುವ ಮೊದ್ದು ಮಾಡಿಕೊಡಲೆಂದು ಅವನು ನಾಲ್ಕು ವರ್ಷದಿಂದ ನೆರಳಲ್ಲಿ ಒಣಗಿಸಿಟ್ಟ ಹುಣಸೆ ಕೊರಡು ಇತ್ತು. ಅದರಿಂದ ಜೋಡಣೆ ಇಲ್ಲದ, ಎರಡು ಬೆರಳು ದಪ್ಪದ ಒಂದೇ ಹಲಗೆ ತೆಗೆದ. ಪಾಲಿಶ್ ಹಚ್ಚಲು ಬಿಡಲಿಲ್ಲ ಸಾವಂತ್ರೆವ್ವ. ಉಜ್ಜಿ ನುಣುಪು ಮಾಡಿಸಿಕೊಂಡು, ಸೆರಗಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು.

ಪ್ರಜ್ಞಾಳಿಗೆ ಇಷ್ಟು ಸಾಲಲಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ತನ್ನ ಗುರುಗಳನ್ನು ಕೇಳಿಕೊಂಡು ಒಂದು ಪರೀಕ್ಷೆ ಮಾಡಿದಳು. ಹಳೆಯ ಪ್ಲಾಸ್ಟಿಕ್, ಹೊಸ ಪ್ಲಾಸ್ಟಿಕ್, ಗಾಜು, ಅದೇ ಹುಣಸೆಯ ಒಂದು ತುಂಡು ಇವೆಲ್ಲದರ ಮೇಲೂ ಕೋಳಿ ತೊಳೆದ ನೀರು ಸವರಿ, ಸಾಬೂನಿನಲ್ಲಿ ತೊಳೆದು, ಹತ್ತಿಯಿಂದ ಒರೆಸಿ, ಆ ಹತ್ತಿಯನ್ನು ಸಣ್ಣ ಗಾಜಿನ ತಟ್ಟೆಗಳಲ್ಲಿ ಆಡಿಸಿ ಬೆಚ್ಚಗಿಟ್ಟಳು. ಎರಡು ದಿನದ ಮೇಲೆ ಸಾವಂತ್ರೆವ್ವನನ್ನು ಕರೆದೊಯ್ದು ತೋರಿಸಿದಳು. ಹಳೆಯ ಪ್ಲಾಸ್ಟಿಕ್ಕಿನ ತಟ್ಟೆಯಲ್ಲಿ ರವೆ ಚೆಲ್ಲಿದ ಹಾಗೆ ಚುಕ್ಕೆಗಳು, ಒಂದೊಂದು ಚುಕ್ಕೆಯೂ ತೊಳೆದ ಮೇಲೂ ಉಳಿದು ಬೆಳೆದ ರೋಗಾಣುಗಳ ಗುಂಪು. ಹೊಸ ಪ್ಲಾಸ್ಟಿಕ್ಕಿನಲ್ಲಿ ಎಣಿಸುವಷ್ಟು. ಗಾಜಿನಲ್ಲಿ ಒಂದೋ ಎರಡೋ. ಹುಣಸೆಗೆ ಎರಡು ತಟ್ಟೆ ಇದ್ದವು. ಒದ್ದೆ ಇದ್ದಾಗ ಒರೆಸಿದ್ದರಲ್ಲಿ ಬಹಳ ಚುಕ್ಕೆ, ಒಂದು ದಿನ ಗಾಳಿಗೆ ನಿಲ್ಲಿಸಿ ಒಣಗಿಸಿದ ಮೇಲೆ ಒರೆಸಿದ್ದರಲ್ಲಿ ಬೆರಳೆಣಿಕೆಯಷ್ಟು.

ಸಾವಂತ್ರೆವ್ವ ಆ ಎರಡು ತಟ್ಟೆಗಳನ್ನು ಬಹಳ ಹೊತ್ತು ನೋಡಿದಳು. ಮಣೆ ಯಾವುದು ಎಂಬುದಕ್ಕಿಂತ ಅದು ಒಣಗುತ್ತದೋ ಇಲ್ಲವೋ, ಅದರ ಮೇಲೆ ಏನು ಇಡುತ್ತೇವೆ ಎಂಬುದೇ ದೊಡ್ಡದು ಎಂದು ಅವಳಿಗೆ ಹೊಳೆಯಿತು. ತರಕಾರಿಗೆ ಹುಣಸೆ ಮಣೆ. ಕೋಳಿಗೆ ಕೆಂಪು ಬಣ್ಣದ ಬೇರೆ ಪ್ಲಾಸ್ಟಿಕ್ ಮಣೆ, ಸಾಬೂನಿನಲ್ಲಿ ತೊಳೆದು ಮೇಲೆ ಕುದಿಯುವ ನೀರು ಸುರಿಯಬೇಕು, ಗೆರೆ ಆಳವಾದ ದಿನ ಎಸೆಯಬೇಕು. ಎರಡನ್ನೂ ಗೋಡೆಗೆ ಆನಿಸಿ ನಿಲ್ಲಿಸಬೇಕು, ಮಲಗಿಸಬಾರದು. ತಿಂಗಳು ತುಂಬಿದ ದಿನ ಆಹಾರ ಅಧಿಕಾರಿಯ ಮುಂದೆ ಇಷ್ಟನ್ನೇ ಹೇಳಿದಳು. ಅವರು ನೋಟಿಸು ಹಿಂತೆಗೆದುಕೊಂಡರು. ಹೋಗುವಾಗ, ಬೈಲಹೊಂಗಲದಲ್ಲಿ ನಾಲ್ಕು ತಾಲೂಕಿನ ಹಾಸ್ಟೆಲ್ ಅಡುಗೆಯವರಿಗೆ ತರಬೇತಿ ಇದೆ, ಅಲ್ಲಿ ನೀವೇ ಮಾತಾಡಬೇಕು ಎಂದರು.

ಸಾವಂತ್ರೆವ್ವ ಮೈಕು ಹಿಡಿದವಳಲ್ಲ. ಬೈಲಹೊಂಗಲದ ಸಭಾಭವನದಲ್ಲಿ ಆ ಊರಿನವರೂ ಕಿತ್ತೂರು, ಸವದತ್ತಿ, ರಾಮದುರ್ಗದಿಂದ ಬಂದವರೂ ಸೇರಿ ಅರವತ್ತಕ್ಕೂ ಹೆಚ್ಚು ಅಡುಗೆಯವರು ಕೂತಿದ್ದರು. ಕೈಗೆ ಕೊಟ್ಟ ಮೈಕನ್ನು ಅವಳು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಹುಣಸೆ ಮಣೆ ಇಟ್ಟು, ಹಳೆಯ ಬಿಳಿ ಮಣೆ ತೆಗೆದು ಅದರ ಮೇಲೆ ಅರಿಷಿಣದ ನೀರು ಸುರಿದಳು. ಎಲ್ಲರೆದುರು ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ತೊಳೆದು, ಮೇಲೆತ್ತಿ ಹಿಡಿದಳು. ಮಣೆಯ ತುಂಬ ಚಾಕುವಿನ ಗೆರೆಗಳು ಹಳದಿಯಾಗಿ ಎದ್ದು ಕಂಡವು.

"ಇದು ಅರಿಷಿಣ, ಕಣ್ಣಿಗೆ ಕಾಣತೈತಿ. ಕೋಳಿ ನೀರು ಹಿಂಗ ಕುಂತಿದ್ದು ನನಗ ಕಾಣಲಿಲ್ಲ. ಇಪ್ಪತ್ತಮೂರು ಮಕ್ಕಳು ದವಾಖಾನಿ ಸೇರಿದರು."

ಕಿತ್ತೂರಿನ ಲಕ್ಕಪ್ಪ ಎದ್ದು ನಿಂತ. ಮೂವತ್ತು ವರ್ಷದಿಂದ ಅಡುಗೆ ಮಾಡುತ್ತಿರುವವನು, ಸುಲಭಕ್ಕೆ ಒಪ್ಪುವ ಮನುಷ್ಯನಲ್ಲ.

"ಕಟ್ಟಿಗಿಗೂ ಅರಿಷಿಣ ಹತ್ತತೈತಲ್ರಿ. ಮತ್ತ ಅದ್ಯಾಕ ಚಲೋ?"

"ಹತ್ತತೈತ್ರಿ, ಅಣ್ಣಾರ," ಎಂದಳು. "ಕಟ್ಟಿಗಿ ಹಸಿ ಇದ್ರ ಅದೂ ಕೆಟ್ಟದ್ದ. ಒಣಗಿಸಿದ್ರ ಅಷ್ಟ ಅದು ಚಲೋ. ಎರಡ ಮಣಿ ಇಡ್ರಿ, ಎರಡೂ ಒಣಗಸ್ರಿ. ಆಗೂದಿಲ್ಲ ಅಂದ್ರ ನಾ ನಿಮ್ಮಲ್ಲಿ ಬಂದು ತೋರಸತೇನಿ."

ಲಕ್ಕಪ್ಪ ಮುಂದೆ ಬಂದು ಹುಣಸೆ ಮಣೆಯನ್ನು ಎತ್ತಿ ತೂಕ ನೋಡಿದ, ಬೆರಳಿನಿಂದ ಬಡಿದು ನೋಡಿದ. ಇದನ್ನು ಮಾಡಿದ ಬಡಿಗನ ಹೆಸರು ಬರೆದುಕೊಡಿರಿ ಎಂದ. ಅವನ ಹಿಂದೆ ಸಾಲು ನಿಂತಿತು. ಊಟದ ಹೊತ್ತು ಮೀರಿದರೂ ಹೆಂಗಸರು ಅವಳನ್ನು ಬಿಡಲಿಲ್ಲ. ತಮ್ಮ ತಮ್ಮ ಅಡುಗೆಮನೆಯ ಮಾತು ಹೇಳಿದರು, ಕೇಳಿದರು, ನಕ್ಕರು.

ದೀಪಾವಳಿಯೊಳಗೆ ಹದಿನೇಳು ಹಾಸ್ಟೆಲುಗಳಿಗೆ ಎರಡೆರಡು ಮಣೆ ಬಂದವು. ಅಕ್ಬರಸಾಬನ ಕೊರಡು ಮುಗಿದು ಅವನು ಇನ್ನೊಂದು ಹುಡುಕಲು ಹೊರಟ. ಸಾವಂತ್ರೆವ್ವ ಕೆಲಸದ ನಡುವೆಯೇ ಒಂದೊಂದು ಊರಿಗೆ ಹೋಗಿ ಬಂದಳು. ಕಿತ್ತೂರಿನಲ್ಲಿ ಲಕ್ಕಪ್ಪ ಅವಳಿಗೆ ಕುರ್ಚಿ ಹಾಕಿ ಕೂರಿಸಿ, ಒಣಗಲು ನಿಲ್ಲಿಸಿದ ಮಣೆಗಳನ್ನು ತಾನೇ ತಂದು ತೋರಿಸಿದ.

ಒಂದು ಶುಕ್ರವಾರ ಮಧ್ಯಾಹ್ನ ರಾಜೇಶ್ವರಿ ಬಾಯಿಯವರು ಊಟದ ಹಾಲಿಗೆ ಒಂದು ಕಾಗದ ಹಿಡಿದು ಬಂದರು. ಸಾವಂತ್ರೆವ್ವನನ್ನು ಮುಖ್ಯ ಅಡುಗೆಯವರನ್ನಾಗಿಯೂ, ನಾಲ್ಕು ತಾಲೂಕಿನ ಹಾಸ್ಟೆಲುಗಳ ಅಡುಗೆ ತರಬೇತಿಗೂ ನೇಮಿಸಿದ ಆದೇಶ. ಅವರು ಓದಿ ಮುಗಿಸುವ ಮೊದಲೇ ಪ್ರಜ್ಞಾ ತಾಟು ಬಡಿಯಲು ಶುರುಮಾಡಿದಳು. ಎಂಬತ್ತೂ ತಾಟುಗಳ ಸಪ್ಪಳ ರಸ್ತೆಗೆ ಕೇಳಿಸಿತು. ಒಲೆಯ ಮುಂದೆ ಕೂತಿದ್ದ ಸಾವಂತ್ರೆವ್ವ ಎದ್ದು ಬಂದು, ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡು, ರೊಟ್ಟಿ ಆರತಾವ, ಮೊದಲು ಉಣ್ರಿ ಎಂದು ಎಲ್ಲರನ್ನೂ ಗದರಿದಳು. ಯಾರೂ ಕೇಳಲಿಲ್ಲ. ಆಮೇಲೆ ಅವಳೂ ನಕ್ಕುಬಿಟ್ಟಳು.